ಸ್ಟ್ರಿಪ್ ಲೈಟಿಗೆ ಎಷ್ಟು ಆಂಪಿಯರಿನ ಡಬ್ಬಿ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಲ್‌ಇಡಿ ಸ್ಟ್ರಿಪ್ ಲೈಟಿನವೇ. ಅವುಗಳಲ್ಲೂ ಹೆಚ್ಚಿನವು ಲೈಟಿಗೆ ಕರೆಂಟು ಕೊಡುವ ಡಬ್ಬಿಯ ಬಗ್ಗೆ. ಅಂಗಡಿಯಲ್ಲಿ ಅದನ್ನು ಕೆಲವರು ಡ್ರೈವರ್ ಅಂತಾರೆ, ಕೆಲವರು ಅಡಾಪ್ಟರ್ ಅಂತಾರೆ. ಜಾಲರಿ ಇರುವ ತಗಡಿನ ಡಬ್ಬಿಯಾದರೆ ಎಸ್‌ಎಂಪಿಎಸ್. ಕೆಲಸ ಮಾತ್ರ ಒಂದೇ. ಮನೆಯ 230 ವೋಲ್ಟ್ ಎಸಿ ಕರೆಂಟನ್ನು 12 ಅಥವಾ 24 ವೋಲ್ಟ್ ಡಿಸಿ ಮಾಡಿ ಕೊಡುವುದು. ಹಾಸನದ ನನ್ನ ರಿಪೇರಿ ಅಂಗಡಿಗೆ ಕೆಟ್ಟು ಬರುವುದು ಸ್ಟ್ರಿಪ್‌ಗಿಂತ ಈ ಡಬ್ಬಿಗಳೇ ಜಾಸ್ತಿ. ಹಾಗಾಗಿ ಈ ತಿಂಗಳ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಸರ್, ನಮ್ಮ ಹೊಸ ಮನೆಯ ಹಾಲ್ 14 ಅಡಿಗೆ 12 ಅಡಿ. ಫಾಲ್ಸ್ ಸೀಲಿಂಗ್ ಅಂಚಿನ ಒಳಗೆ ಸುತ್ತಲೂ ಸ್ಟ್ರಿಪ್ ಲೈಟ್ ಹಾಕಿಸಬೇಕು. 5 ಮೀಟರಿನ ನಾಲ್ಕು ರೀಲ್ ತಂದಾಗಿದೆ. ಕವರಿನ ಮೇಲೆ 12 ವೋಲ್ಟ್, ಮೀಟರಿಗೆ 120 ಎಲ್‌ಇಡಿ, ಮೀಟರಿಗೆ 9.6 ವ್ಯಾಟ್ ಎಂದಿದೆ. ಎಲೆಕ್ಟ್ರಿಷಿಯನ್ 10 ಆಂಪಿಯರಿನ ಒಂದು ಎಸ್‌ಎಂಪಿಎಸ್ ಸಾಕು, ಡಿಬಿ (ಮನೆಗೆಲ್ಲ ಕರೆಂಟು ಹಂಚುವ ಬೋರ್ಡು) ಪಕ್ಕ ಇಟ್ಟು ವೈರ್ ಎಳೆಯೋಣ ಅಂತಾರೆ. ನಮ್ಮ ಭಾವ, ಆಂಪಿಯರ್ ಜಾಸ್ತಿಯಾದರೆ ಲೈಟ್ ಸುಟ್ಟುಹೋಗುತ್ತೆ, 5 ಆಂಪಿಯರಿನದು ತನ್ನಿ ಅಂತಾರೆ. ಯಾರ ಮಾತು ಕೇಳಲಿ? ಗೃಹಪ್ರವೇಶಕ್ಕೆ ಒಂದು ತಿಂಗಳಿದೆ. — ಶಾಲಾ ಶಿಕ್ಷಕಿ, ಶಿವಮೊಗ್ಗ

ಮೇಡಂ, ಮೊದಲು ನಿಮ್ಮ ಭಾವನವರ ಭಯ ಬಿಡಿಸೋಣ. ಡಬ್ಬಿಯ ಮೇಲೆ ಬರೆದ ಆಂಪಿಯರ್ ಅದರ ಶಕ್ತಿ. ಅಷ್ಟನ್ನೂ ಅದು ಸ್ಟ್ರಿಪ್ಪಿಗೆ ನುಗ್ಗಿಸುವುದಿಲ್ಲ. ಮಹಡಿ ಮೇಲಿನ ಟ್ಯಾಂಕ್ 500 ಲೀಟರಿನದಾದರೂ 2000 ಲೀಟರಿನದಾದರೂ ನಲ್ಲಿಯಲ್ಲಿ ನೀರು ಅದೇ ರಭಸದಲ್ಲಿ ಬರುತ್ತದೆ. ಟ್ಯಾಂಕನ್ನು ಇನ್ನೂ ಎತ್ತರಕ್ಕೆ ಏರಿಸಿದರೆ ರಭಸ ಹೆಚ್ಚುತ್ತದೆ. ಇಲ್ಲಿ ಆ ಎತ್ತರವೇ ವೋಲ್ಟ್. 12 ವೋಲ್ಟಿನ ಸ್ಟ್ರಿಪ್ಪಿಗೆ 24 ವೋಲ್ಟ್ ಕೊಟ್ಟರೆ ಸುಡುತ್ತದೆ. 12 ವೋಲ್ಟಿನದೇ 20 ಆಂಪಿಯರಿನ ಡಬ್ಬಿ ಕೊಟ್ಟರೆ ಏನೂ ಆಗುವುದಿಲ್ಲ, ಸ್ಟ್ರಿಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ತೊಂದರೆ ಬರುವುದು ಡಬ್ಬಿ ಚಿಕ್ಕದಾದಾಗ.

ಈಗ ಲೆಕ್ಕ. 14 ಮತ್ತು 12 ಅಡಿಯ ಹಾಲಿನ ಸುತ್ತಳತೆ 52 ಅಡಿ, ಅಂದರೆ ಸುಮಾರು 16 ಮೀಟರ್. ಮೀಟರಿಗೆ 9.6 ವ್ಯಾಟ್ ಅಂದರೆ ಒಟ್ಟು 154 ವ್ಯಾಟ್. ಅದನ್ನು 12ರಿಂದ ಭಾಗಿಸಿದರೆ 12.8 ಆಂಪಿಯರ್. ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ 10 ಆಂಪಿಯರ್ ಇಲ್ಲೇ ಸಾಲಲಿಲ್ಲ, ನೋಡಿ. ಇದರ ಮೇಲೆ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಆಗ 192 ವ್ಯಾಟ್ ಆಗುತ್ತದೆ.

ಈ ಕಾಲು ಭಾಗ ಯಾಕೆ ಅಂದರೆ, ಡಬ್ಬಿಯ ಮೇಲಿನ ಸಂಖ್ಯೆ ಒಳ್ಳೆ ಗಾಳಿಯಾಡುವ ಜಾಗಕ್ಕೆ ಬರೆದದ್ದು. ಒಳ್ಳೆಯ ಕಂಪನಿಗಳ ಡಬ್ಬಿಯೂ ಸುತ್ತಲಿನ ಬಿಸಿ ಸುಮಾರು 50 ಡಿಗ್ರಿ ದಾಟಿದರೆ ಪೂರ್ತಿ ಲೋಡ್ ಹೊರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಫಾಲ್ಸ್ ಸೀಲಿಂಗ್ ಮೇಲೆ ಕೈ ಹಾಕಿ ನೋಡಿದವರಿಗೆ ಅಲ್ಲಿನ ಸೆಕೆ ಗೊತ್ತು. ಡಬ್ಬಿಯ ಒಳಗಿರುವ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನನ್ನ ಮೇಜಿಗೆ ಬರುವ ಡಬ್ಬಿಗಳಲ್ಲಿ ಹೆಚ್ಚಿನವುಗಳ ಕೆಪಾಸಿಟರ್ ತಲೆ ಉಬ್ಬಿಕೊಂಡಿರುತ್ತದೆ. ಎಲ್ಲಾ ಬಿಸಿಯ ಕೆಲಸ.

192 ವ್ಯಾಟ್ ಬೇಕು ಅಂದ ಮೇಲೆ 12 ವೋಲ್ಟಿನ 200 ವ್ಯಾಟ್ ಡಬ್ಬಿ ತಂದು ಡಿಬಿ ಪಕ್ಕ ಇಟ್ಟರೆ ಮುಗಿಯಿತಾ? ಇಲ್ಲ. ನಾನು ಒತ್ತಿ ಹೇಳಬೇಕು ಅಂತಿರುವುದು ಇದನ್ನೇ. ಡಬ್ಬಿ ಎಷ್ಟು ದೊಡ್ಡದು ಅನ್ನುವುದರಷ್ಟೇ, ಅದನ್ನು ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ.

ಕೆಲವು ವರ್ಷದ ಹಿಂದೆ ಅರಸೀಕೆರೆಯಲ್ಲಿ ನನ್ನ ತಂಗಿಯ ಮನೆಗೆ ನಾನೇ ನಿಂತು ಸ್ಟ್ರಿಪ್ ಲೈಟ್ ಹಾಕಿಸಿದೆ. 5 ಮೀಟರಿನ ಒಂದೇ ರೀಲ್, ಮೀಟರಿಗೆ 14.4 ವ್ಯಾಟಿನದು. ಒಟ್ಟು 72 ವ್ಯಾಟ್, ಅಂದರೆ 6 ಆಂಪಿಯರ್. ಡಬ್ಬಿ 100 ವ್ಯಾಟಿನದು, ಧಾರಾಳವಾಗಿಯೇ ಇತ್ತು. ಅದನ್ನು ಡಿಬಿ ಪಕ್ಕ ಕೂರಿಸಿ, ಅಲ್ಲಿಂದ 10 ಮೀಟರ್ ದೂರ 1 ಸ್ಕ್ವೇರ್ ವೈರ್ ಎಳೆದೆವು. ಸ್ವಿಚ್ ಹಾಕಿದಾಗ ತಂಗಿ, "ಅಣ್ಣಾ, ಅಂಗಡಿಯಲ್ಲಿ ನೋಡಿದಾಗ ಇಷ್ಟು ಮಂಕು ಇರಲಿಲ್ವಲ್ಲ" ಅಂದಳು. ಮಲ್ಟಿಮೀಟರ್ ಹಿಡಿದು ನೋಡಿದೆ. ಡಬ್ಬಿಯ ಬಾಯಲ್ಲಿ 12 ವೋಲ್ಟ್. ಸ್ಟ್ರಿಪ್ಪಿನ ಬಾಯಲ್ಲಿ 10.7.

1 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.018 ಓಮ್ ತಡೆ ಇರುತ್ತದೆ. ಹೋಗಿಬರಲು 20 ಮೀಟರ್ ಅಂದರೆ 0.36 ಓಮ್. ಕರೆಂಟು ಹರಿಯುವಾಗ ಈ ತಡೆಯಲ್ಲೇ ಒಂದಿಷ್ಟು ವೋಲ್ಟ್ ಕಳೆದುಹೋಗುತ್ತದೆ. 230 ವೋಲ್ಟಿನ ಲೈನಿನಲ್ಲಿ ಒಂದು ವೋಲ್ಟ್ ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ. 12 ವೋಲ್ಟಿನಲ್ಲಿ ಹಾಗಲ್ಲ. ಕಾರಣ ಸ್ಟ್ರಿಪ್ಪಿನ ಒಳಗಿನ ಕಟ್ಟಣೆ. 12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಮೂರು ಮೂರು ಎಲ್‌ಇಡಿ ಸಾಲಾಗಿ ಕೂತು, ಜೊತೆಗೆ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟಿನಂತೆ ಮೂರಕ್ಕೆ 9 ವೋಲ್ಟ್ ಹೋಗುತ್ತದೆ. ಉಳಿದ 3 ವೋಲ್ಟ್ ರೆಸಿಸ್ಟರಿನ ಮೇಲೆ ಬೀಳುತ್ತದೆ, ಎಷ್ಟು ಕರೆಂಟು ಹರಿಯಬೇಕು ಅಂತ ತೀರ್ಮಾನಿಸುವುದು ಆ 3 ವೋಲ್ಟ್. ದಾರಿಯಲ್ಲಿ 1 ವೋಲ್ಟ್ ಕಳೆದುಹೋದರೆ ಆ 3ರಲ್ಲಿ 2 ಮಾತ್ರ ಉಳಿಯುತ್ತದೆ. ಬೆಳಕು ಮೂರರಲ್ಲಿ ಒಂದು ಪಾಲು ಹೋಯಿತು! ನಮ್ಮ ತಂಗಿ ಮನೆಯಲ್ಲಿ 1.3 ವೋಲ್ಟ್ ಕಳೆದು ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಬಂದಿತ್ತು. ಮಾರನೇ ದಿನ ಡಬ್ಬಿಯನ್ನು ಸ್ಟ್ರಿಪ್ ಶುರುವಾಗುವ ಮೂಲೆಗೇ ಸಾಗಿಸಿದೆವು. ಅಲ್ಲಿಯವರೆಗೆ ಎಳೆದಿದ್ದ ವೈರಿನಲ್ಲಿ 230 ವೋಲ್ಟ್ ಎಸಿಯೇ ಹೋಗಲಿ ಅಂತ ಬಿಟ್ಟೆವು. ಅದೇ ಸ್ಟ್ರಿಪ್, ಅದೇ ಡಬ್ಬಿ, ಅದೇ ವೈರ್. ತಂಗಿ ಸ್ವಿಚ್ ಹಾಕಿ ಎರಡು ನಿಮಿಷ ಮೇಲೇ ನೋಡುತ್ತಾ ನಿಂತಳು.

ಸ್ಟ್ರಿಪ್ಪಿನ ಒಳಗಿನ ತಾಮ್ರದ ಪಟ್ಟಿಯೂ ತೆಳ್ಳಗೇ ಇರುತ್ತದೆ. ಅದಕ್ಕೇ 12 ವೋಲ್ಟಿನದನ್ನು ಒಂದು ತುದಿಯಿಂದ ಕರೆಂಟು ಕೊಟ್ಟು 5 ಮೀಟರಿಗಿಂತ ಉದ್ದ ಓಡಿಸಬಾರದು. ರೀಲಿಗೆ ರೀಲ್ ಗಂಟು ಹಾಕಿ 16 ಮೀಟರ್ ಸುತ್ತಿಸಿದರೆ ಮೊದಲ ಗೋಡೆ ಬೆಳ್ಳಗೆ, ಕೊನೆಯ ಗೋಡೆ ಮಬ್ಬಾಗಿ ಕಾಣುತ್ತದೆ.

ನಿಮ್ಮ ಹಾಲಿನ ಅಳತೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 12 ವೋಲ್ಟ್, 8.5 ಆಂಪಿಯರ್, ಅಂದರೆ 100 ವ್ಯಾಟಿನ ಎರಡು ಡಬ್ಬಿ ತನ್ನಿ. ಎದುರುಬದುರಿನ ಎರಡು ಮೂಲೆಗಳಲ್ಲಿ ಒಂದೊಂದು ಇಡಿ. ಪ್ರತಿ ಡಬ್ಬಿಯಿಂದ ಎರಡು ಸ್ಟ್ರಿಪ್ ಹೊರಡಲಿ, ಒಂದು 14 ಅಡಿಯ ಗೋಡೆಗೆ, ಇನ್ನೊಂದು 12 ಅಡಿಯ ಗೋಡೆಗೆ. 14 ಅಡಿ ಅಂದರೆ 4.3 ಮೀಟರ್. ನಾಲ್ಕು ರೀಲ್, ನಾಲ್ಕು ಗೋಡೆ, ಎಲ್ಲೂ ಗಂಟಿಲ್ಲ. ಪ್ರತಿ ಡಬ್ಬಿಯ ಮೇಲೆ 77 ವ್ಯಾಟ್ ಲೋಡ್, 23 ವ್ಯಾಟ್ ಉಸಿರಾಡಲು ಜಾಗ. ಉಳಿದ ಎರಡು ಮೂಲೆಗಳಲ್ಲಿ ಸ್ಟ್ರಿಪ್ಪಿನ ತುದಿಗಳು ಪಕ್ಕಪಕ್ಕ ಬರುತ್ತವೆ. ಅವನ್ನು ಒಂದಕ್ಕೊಂದು ಸೇರಿಸಬೇಡಿ. ಎರಡು ಬೇರೆ ಡಬ್ಬಿಗಳ ಡಿಸಿ ಒಂದಾಗಬಾರದು.

ಡಬ್ಬಿ ಇಡುವ ಜಾಗ ಏಣಿ ಹಾಕಿದರೆ ಕೈ ಎಟುಕುವಂತಿರಲಿ. ಜಿಪ್ಸಮ್ ಬೋರ್ಡಿನ ಮೇಲೆ ಇಟ್ಟು ಮುಚ್ಚಿಬಿಟ್ಟರೆ, ಅದು ಕೆಟ್ಟ ದಿನ ಸೀಲಿಂಗ್ ಕೊಯ್ಯಬೇಕಾಗುತ್ತದೆ. ಇನ್ನೊಂದು ಮಾತು. ಜಾಲರಿ ಡಬ್ಬಿಯೊಳಗೆ ಹಲ್ಲಿ ನುಗ್ಗಿ ಶಾರ್ಟ್ ಆದದ್ದನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಬೆಳಕಿಗೆ ಹುಳ ಬರುತ್ತವೆ, ಹುಳದ ಹಿಂದೆ ಹಲ್ಲಿ. ತೆರೆದ ಅಂಚಿಗೆ ಪೂರ್ತಿ ಮುಚ್ಚಿದ, ಉದ್ದನೆಯ ತೆಳು ಡಬ್ಬಿಯೇ ಒಳ್ಳೆಯದು. ತಗಡಿನ ಡಬ್ಬಿಯಾದರೆ ಅರ್ಥ್ ವೈರನ್ನು ತಪ್ಪದೆ ಕೊಡಿಸಿ. ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ಅಂಗಡಿಯವರು ರೀಲ್ ವಾಪಸ್ ತಗೊಳ್ಳುತ್ತಾರೆ ಅಂದರೆ, ಅಷ್ಟೇ ವ್ಯಾಟಿನ 24 ವೋಲ್ಟಿನ ಸ್ಟ್ರಿಪ್ ಕೇಳಿ. ಆಗ 12.8 ಆಂಪಿಯರ್ 6.4ಕ್ಕೆ ಇಳಿಯುತ್ತದೆ. ವೈರಿನಲ್ಲಿ ಕಳೆಯುವ ವೋಲ್ಟ್ ಅರ್ಧವಾಗುತ್ತದೆ, ಅದೂ ದುಪ್ಪಟ್ಟು ವೋಲ್ಟಿನಲ್ಲಿ. 24 ವೋಲ್ಟಿನ 200 ವ್ಯಾಟ್ ಡಬ್ಬಿ ಒಂದನ್ನೇ ಮೂಲೆಯಲ್ಲಿ ಇಟ್ಟು ಎರಡೂ ಕಡೆಗೆ ಹಂಚಬಹುದು. ಎದುರು ಮೂಲೆಯವರೆಗೆ 2.5 ಸ್ಕ್ವೇರ್ ವೈರ್ ಎಳೆದು ಅಲ್ಲಿಂದಲೂ ಕರೆಂಟು ಕೊಡಿಸಿ. ಹೊಸದಾಗಿ ಹಾಕಿಸುವ ಹಾಲುಗಳಿಗೆ ನಾನು ಈಗ 24 ವೋಲ್ಟನ್ನೇ ಹೇಳುವುದು.

ದೇವರ ಮನೆಯ ಮರದ ಮಂಟಪಕ್ಕೆ ಒಂದೂವರೆ ಮೀಟರ್ ಸ್ಟ್ರಿಪ್ ಅಂಟಿಸಬೇಕು. ಮನೆಯಲ್ಲಿ ಹಳೇ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಇದೆ. ಅದನ್ನೇ ಹಾಕಬಹುದಾ, ಹೊಸದು ತರಬೇಕಾ? — ಗೃಹಿಣಿ, ತುಮಕೂರು

ಧಾರಾಳವಾಗಿ ಹಾಕಬಹುದಮ್ಮ. ಅಡಾಪ್ಟರಿನ ಹಿಂದೆ ಔಟ್‌ಪುಟ್ ಅಂತ ಇರುವಲ್ಲಿ 12 ವೋಲ್ಟ್ ಡಿಸಿ, 1 ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಇದೆಯಾ ನೋಡಿ. ಮಂಟಪಕ್ಕೆ ಮೀಟರಿಗೆ 4.8 ವ್ಯಾಟಿನ ಸ್ಟ್ರಿಪ್ ಸಾಕು. ಒಂದೂವರೆ ಮೀಟರಿಗೆ 7.2 ವ್ಯಾಟ್, ಅಂದರೆ 0.6 ಆಂಪಿಯರ್. 1 ಆಂಪಿಯರಿನ ಅಡಾಪ್ಟರಿಗೆ ಇದು ಹಗುರ. ಹಳೇ ಲ್ಯಾಪ್‌ಟಾಪ್ ಚಾರ್ಜರ್ ಮಾತ್ರ ಬೇಡ, ಅದು 19 ವೋಲ್ಟ್ ಆಸುಪಾಸು ಇರುತ್ತದೆ, ಸ್ಟ್ರಿಪ್ ಸುಡುತ್ತದೆ.

ಸ್ಟ್ರಿಪ್ಪನ್ನು ಕತ್ತರಿ ಗುರುತು ಇರುವಲ್ಲೇ ಕತ್ತರಿಸಿ. ಎಣ್ಣೆ ಮಸಿ, ಕುಂಕುಮ ಕೂರುವ ಜಾಗ ಅಲ್ವಾ, ಮೇಲೆ ಸಿಲಿಕಾನ್ ಲೇಪ ಇರುವ ಐಪಿ65 ತಗೊಳ್ಳಿ. ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ದೀಪದ ಉರಿಯ ನೇರ ಮೇಲೆ ಅಂಟಿಸಬೇಡಿ. ಅಡಾಪ್ಟರ್ ಮಂಟಪದ ಹಿಂದೆ ಬಟ್ಟೆಯ ಅಡಿ ಹುದುಗಿರುವುದು ಬೇಡ, ಪ್ಲಗ್ಗಿನಲ್ಲಿ ಕಾಣುವಂತಿರಲಿ.

ಕೆಲವರು ಡಬ್ಬಿಯೇ ಬೇಡದ, ನೇರ 230 ವೋಲ್ಟಿಗೆ ಹಾಕುವ ರೋಲ್ ತೋರಿಸುತ್ತಾರೆ. ಕಟ್ಟಡದ ಹೊರಗೋಡೆಗೆ, ಕೈಗೆ ಸಿಗದ ಎತ್ತರಕ್ಕೆ ಅದು ಸರಿ. ಒದ್ದೆ ಕೈಯಲ್ಲಿ ಹೂವು ಏರಿಸುವ ಮಂಟಪಕ್ಕೆ ಖಂಡಿತ ಬೇಡ.

ನಮ್ಮ ಬಟ್ಟೆ ಅಂಗಡಿಯ ಶೋಕೇಸಿಗೆ 4 ಮೀಟರ್ ಸ್ಟ್ರಿಪ್ ಹಾಕಿದ್ದೆವು, ಮೀಟರಿಗೆ 14.4 ವ್ಯಾಟ್. 12 ವೋಲ್ಟ್ 5 ಆಂಪಿಯರಿನ ಡಬ್ಬಿ. ಒಂದು ವರ್ಷ ಚೆನ್ನಾಗಿತ್ತು. ದೀಪಾವಳಿಗೆ ಇನ್ನೂ 2 ಮೀಟರ್ ಸೇರಿಸಿದೆವು. ಈಗ ಎಲ್ಲಾ ಲೈಟು ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿವೆ. ಸ್ಟ್ರಿಪ್ ಕೆಟ್ಟಿದೆಯೇ? — ವ್ಯಾಪಾರಿ, ಗದಗ

ಸ್ಟ್ರಿಪ್ ಕೆಟ್ಟಿಲ್ಲ. ಡಬ್ಬಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. 6 ಮೀಟರಿಗೆ 86 ವ್ಯಾಟ್, 7.2 ಆಂಪಿಯರ್. 5 ಆಂಪಿಯರಿನ ಡಬ್ಬಿ ಭಾರ ತಾಳದೆ ಬಂದ್ ಆಗುತ್ತದೆ. ಒಂದು ಕ್ಷಣ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ಬಂದ್ ಆಗುತ್ತದೆ. ಹೊಸ 2 ಮೀಟರನ್ನು ಬಿಡಿಸಿ ನೋಡಿ, ಮಿಟುಕುವುದು ನಿಲ್ಲಬೇಕು. ನಿಜ ಹೇಳಬೇಕೆಂದರೆ ಮೊದಲಿನ 4 ಮೀಟರೇ 4.8 ಆಂಪಿಯರ್ ಎಳೆಯುತ್ತಿತ್ತು. ಒಂದು ವರ್ಷ ಆ ಡಬ್ಬಿ ತುದಿಗಾಲಲ್ಲೇ ನಿಂತಿತ್ತು. 86ಕ್ಕೆ ಕಾಲು ಭಾಗ ಸೇರಿಸಿದರೆ 108 ವ್ಯಾಟ್. 12 ವೋಲ್ಟಿನ 120 ಅಥವಾ 150 ವ್ಯಾಟ್ ತನ್ನಿ. ಹೊಸ 2 ಮೀಟರನ್ನು ಹಳೆಯದರ ಬಾಲಕ್ಕೆ ಸೇರಿಸಬೇಡಿ, ಡಬ್ಬಿಯಿಂದಲೇ ಬೇರೆ ವೈರ್ ಕೊಡಿ.

ತರುವಾಗ ಒಂದಿಷ್ಟು ಎಚ್ಚರ ಇರಲಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ನಿಮ್ಮೂರಿನಲ್ಲಾಗಲಿ, ಒಂದೇ ಸಂಖ್ಯೆ ಬರೆದ ಎರಡು ಡಬ್ಬಿ ಎರಡು ಬೆಲೆಗೆ ಸಿಗುತ್ತವೆ. ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿ. ಒಮ್ಮೆ ನಾನು ಹಗುರವಾದ, ಅಗ್ಗದ "10 ಆಂಪಿಯರ್" ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ರೆಸಿಸ್ಟರ್ ಲೋಡ್ ಹಾಕಿ ಪರೀಕ್ಷಿಸಿದೆ. 6 ಆಂಪಿಯರ್‌ವರೆಗೆ 12 ವೋಲ್ಟ್ ನಿಂತಿತು. 7 ದಾಟಿದ್ದೇ 10 ವೋಲ್ಟಿಗೆ ಕುಸಿಯಿತು. ಬಿಚ್ಚಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಹೆಬ್ಬೆರಳಿನಷ್ಟು, ಫಿಲ್ಟರ್ ಕಾಯಿಲ್ ಇರಬೇಕಾದ ಜಾಗದಲ್ಲಿ ಬರೀ ತಂತಿ ತುಂಡು. ಮಾಲು ಖರೀದಿಸುವ ಬಡ ಎಲೆಕ್ಟ್ರಿಷಿಯನ್‌ಗೆ ಇದು ಹೇಗೆ ಗೊತ್ತಾಗಬೇಕು? ನನಗೆ ಅವತ್ತು ತುಂಬಾ ಬೇಸರವಾಯಿತು.

ಎಲ್‌ಇಡಿ ಡ್ರೈವರ್‌ಗಳಿಗೆ ನಮ್ಮಲ್ಲಿ ಬಿಐಎಸ್ (ಸರಕುಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ಐಎಸ್ 15885 ಅಂತ, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯ ಯಾವ ಮಾಲು ಅಂತ ಬರುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿಕೊಳ್ಳಬಹುದು.

ಜಾಲರಿ ಡಬ್ಬಿಗಳಲ್ಲಿ ಕೆಲವಕ್ಕೆ ಪಕ್ಕದಲ್ಲಿ ಒಂದು ಪುಟ್ಟ ಜಾರುವ ಸ್ವಿಚ್ ಇರುತ್ತದೆ, 115 ಮತ್ತು 230 ಅಂತ. ಕರೆಂಟು ಕೊಡುವ ಮೊದಲು ಅದು 230ರಲ್ಲಿದೆಯಾ ನೋಡಿ. 115ರಲ್ಲಿದ್ದರೆ ಸ್ವಿಚ್ ಹಾಕಿದ ಕೂಡಲೇ ಢಂ ಅನ್ನುತ್ತದೆ. ಇನ್ನು ಕೆಲವು ಡ್ರೈವರ್‌ಗಳ ಮೇಲೆ 300 ಮಿಲಿ ಆಂಪಿಯರ್, 36ರಿಂದ 60 ವೋಲ್ಟ್ ಅನ್ನೋ ಥರ ಬರೆದಿರುತ್ತದೆ. ಅವು ಸೀಲಿಂಗ್ ಪ್ಯಾನೆಲ್ ಲೈಟಿನವು, ಕರೆಂಟನ್ನು ಒಂದೇ ಸಮ ಇಟ್ಟು ವೋಲ್ಟನ್ನು ಏರಿಳಿಸುವಂಥವು. ಸ್ಟ್ರಿಪ್ಪಿಗೆ ಬರುವುದಿಲ್ಲ. ವೋಲ್ಟ್ ಒಂದೇ ಸಂಖ್ಯೆ ಇರುವುದನ್ನು ಕೇಳಿ ತಗೊಳ್ಳಿ.

ಹಾಸ್ಟೆಲ್ ರೂಮಿನ ಸ್ಟ್ರಿಪ್ ಲೈಟನ್ನು ಫ್ಯಾನ್ ರೆಗ್ಯುಲೇಟರಿಗೆ ಕೊಟ್ಟು ಬೆಳಕು ಕಡಿಮೆ ಮಾಡಬಹುದೇ ಸರ್? — ವಿದ್ಯಾರ್ಥಿ, ಮಂಗಳೂರು

ಬೇಡ ತಮ್ಮಾ. ಡಬ್ಬಿಗೆ ಒಳಗೆ ಬರುವ ಎಸಿ ಕಡಿಮೆಯಾದರೂ ಅದು ಒದ್ದಾಡಿ 12 ವೋಲ್ಟ್ ಕೊಡಲೇ ನೋಡುತ್ತದೆ. ಬೆಳಕು ಇಳಿಯುವ ಬದಲು ಮಿಟುಕುತ್ತದೆ, ಡಬ್ಬಿಯೂ ಹಾಳಾಗುತ್ತದೆ. ಡಬ್ಬಿಗೂ ಸ್ಟ್ರಿಪ್ಪಿಗೂ ನಡುವೆ 12 ವೋಲ್ಟಿನ ಪಿಡಬ್ಲ್ಯುಎಂ ಡಿಮ್ಮರ್ ಹಾಕು, ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಹತ್ತಿಸಿ ಆರಿಸಿ ಬೆಳಕು ತಗ್ಗಿಸುವಂಥದು. ಅದರ ಆಂಪಿಯರ್ ಸ್ಟ್ರಿಪ್ ಎಳೆಯುವುದಕ್ಕಿಂತ ಜಾಸ್ತಿ ಇರಲಿ, ಅಷ್ಟೇ.

ನಮ್ಮ ಕೊಟ್ಟಿಗೆ ಕತ್ತಲು, ಮಳೆಗಾಲದಲ್ಲಿ ಹಗಲೂ ದೀಪ ಬೇಕು. ಮನೆಯ ಸೋಲಾರಿನ 12 ವೋಲ್ಟ್ ಬ್ಯಾಟರಿಯಿಂದ 15 ಮೀಟರ್ ವೈರ್ ಎಳೆದು 5 ಮೀಟರ್ ಸ್ಟ್ರಿಪ್ ನೇರವಾಗಿ ಹಾಕಿದ್ದೇವೆ, ಮೀಟರಿಗೆ 4.8 ವ್ಯಾಟಿನದು. ಬ್ಯಾಟರಿ 12 ವೋಲ್ಟ್, ಸ್ಟ್ರಿಪ್ 12 ವೋಲ್ಟ್. ಆದರೂ ಎರಡು ವರ್ಷದಲ್ಲಿ ಮೂರು ರೀಲ್ ಹೋದವು. ಯಾಕೆ? — ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಹಾಳಾದ ರೀಲಿನಲ್ಲಿ ಮೂರು ಮೂರು ಎಲ್‌ಇಡಿಗಳು ಒಟ್ಟೊಟ್ಟಿಗೆ ಆರಿವೆ, ನಡುವೆ ಉಳಿದವು ಉರಿಯುತ್ತಿವೆ. ಹೌದು ತಾನೆ? ಜಾಸ್ತಿ ವೋಲ್ಟ್ ತಿಂದ ಸ್ಟ್ರಿಪ್ ಹೀಗೆಯೇ ಸಾಯುತ್ತದೆ.

12 ವೋಲ್ಟ್ ಅನ್ನುವುದು ಬ್ಯಾಟರಿಯ ಹೆಸರು ಮಾತ್ರ. ತುಂಬಿದ ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟಾಗ 12.7 ವೋಲ್ಟ್ ತೋರಿಸುತ್ತದೆ. ಬಿಸಿಲಿಗೆ ಚಾರ್ಜ್ ಆಗುವಾಗ 14.4ರವರೆಗೆ ಏರುತ್ತದೆ. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ವೈರಿನಲ್ಲಿ ಕಳೆಯುವುದನ್ನು ಬದಿಗಿಟ್ಟರೆ, ರೆಸಿಸ್ಟರಿನ ಪಾಲಿಗೆ 3 ವೋಲ್ಟ್ ಇರಬೇಕಾದಲ್ಲಿ 5.4 ಆಗುತ್ತದೆ. ಕರೆಂಟು ಹೆಚ್ಚುಕಮ್ಮಿ 1.8 ಪಟ್ಟು. ಸಣ್ಣ ಎಲ್‌ಇಡಿ ಆ ಬಿಸಿಯನ್ನು ಎಷ್ಟು ದಿನ ತಾಳೀತು? ನೀವು ಹಗಲಲ್ಲೂ ಉರಿಸುತ್ತೀರಿ. ಮಳೆ ಬಿಟ್ಟು ಬಿಸಿಲು ಬಿದ್ದಾಗಲೆಲ್ಲ ಸ್ಟ್ರಿಪ್ಪಿಗೆ ಈ ಹೊಡೆತ ಬೀಳುತ್ತಿದೆ. ಮೇಲಿಂದ ಗಂಜಲದ ಹಬೆ ಬೇರೆ, ತೆರೆದ ಸ್ಟ್ರಿಪ್ಪಿನ ತಾಮ್ರವನ್ನು ಅದು ಹಸಿರು ಮಾಡಿ ತಿನ್ನುತ್ತದೆ. ಮುಂದಿನ ರೀಲ್ ಸಿಲಿಕಾನ್ ಕೊಳವೆಯೊಳಗೆ ಇರುವ ಐಪಿ67 ಆಗಲಿ. ತುದಿಯ ಮುಚ್ಚಳಕ್ಕೆ ಸಿಲಿಕಾನ್ ಗಮ್ ಹಾಕಿ ಮುಚ್ಚಿ.

ನಿಮಗೆ ಬೇಕಾದ ಡಬ್ಬಿ ಎಸಿಯದಲ್ಲ. ಡಿಸಿಯಿಂದ ಡಿಸಿ ಮಾಡುವ ಕನ್ವರ್ಟರ್ ಅಂತ ಕೇಳಿ. ಒಳಗೆ ಬರುವ ವೋಲ್ಟ್ 12ಕ್ಕಿಂತ ಕಡಿಮೆ ಇದ್ದರೂ ಜಾಸ್ತಿ ಇದ್ದರೂ ಹೊರಗೆ 12 ಕೊಡುವ ಬಕ್-ಬೂಸ್ಟ್ ಬಗೆಯದು ಬೇಕು. ಬರೀ ಬಕ್ ಬಗೆಯದಾದರೆ ರಾತ್ರಿ ಬ್ಯಾಟರಿ ಇಳಿದಾಗ ಬೆಳಕೂ ಇಳಿಯುತ್ತದೆ. ನಿಮ್ಮ ಸ್ಟ್ರಿಪ್ 24 ವ್ಯಾಟ್, 2 ಆಂಪಿಯರ್. 3 ಆಂಪಿಯರಿನ ಕನ್ವರ್ಟರ್ ಸಾಕು.

ಅದನ್ನು ಬ್ಯಾಟರಿ ಪಕ್ಕ ಇಡಬೇಡಿ, ಕೊಟ್ಟಿಗೆಯಲ್ಲಿ ಸ್ಟ್ರಿಪ್ಪಿನ ಪಕ್ಕ ಇಡಿ. 15 ಮೀಟರ್ ವೈರಿನಲ್ಲಿ, ಅದು 1 ಸ್ಕ್ವೇರಿನದಾದರೆ, 2 ಆಂಪಿಯರಿಗೆ ಸುಮಾರು 1 ವೋಲ್ಟ್ ಕಳೆಯುತ್ತದೆ. ಕನ್ವರ್ಟರ್ ಆ ತುದಿಯಲ್ಲಿದ್ದರೆ ದಾರಿಯಲ್ಲಿ ಕಳೆದದ್ದನ್ನೂ ಅದೇ ತುಂಬಿಕೊಟ್ಟು ಸ್ಟ್ರಿಪ್ಪಿಗೆ ಸರಿಯಾಗಿ 12 ಮುಟ್ಟಿಸುತ್ತದೆ. ಹಸುವಿನ ಕೊಂಬಿಗೆ, ಬಾಲಕ್ಕೆ ಸಿಗದಂತೆ ತೊಲೆಯ ಮೇಲೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ವೈರ್ ಕೆಳಗಿನಿಂದ ಒಳಗೆ ಹೋಗಲಿ, ನೀರು ಇಳಿಯುವುದಿಲ್ಲ.

ಫ್ಯೂಸ್ ಮಾತ್ರ ಬ್ಯಾಟರಿಯ ಬದಿಯಲ್ಲೇ ಇರಬೇಕು. ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ, 5 ಆಂಪಿಯರಿನದು. ನಿಮ್ಮ ಪತ್ರದಲ್ಲಿ ಫ್ಯೂಸಿನ ಮಾತೇ ಇಲ್ಲ, ಅದು ನನ್ನನ್ನು ಚಿಂತೆಗೆ ಹಚ್ಚಿದೆ. ಆ 15 ಮೀಟರ್ ವೈರನ್ನು ಎಲ್ಲಾದರೂ ಇಲಿ ಕಡಿದು ಎರಡು ತಂತಿ ಸೇರಿದರೆ, ಬ್ಯಾಟರಿ ಆ ವೈರ್ ತಾಳಲಾರದಷ್ಟು ಕರೆಂಟು ಹರಿಸುತ್ತದೆ, ವೈರ್ ಸುಡುವಷ್ಟು ಕಾಯುತ್ತದೆ. ಕೊಟ್ಟಿಗೆಯಲ್ಲಿ ಒಣಹುಲ್ಲಿದೆ. ಕನ್ವರ್ಟರ್ ಮುಂದಿನ ವಾರ ತಂದರೂ ಪರವಾಗಿಲ್ಲ, ಫ್ಯೂಸ್ ಇವತ್ತೇ ಹಾಕಿ.